ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಂತೆ. ಯಾಕೆ ಅಂತ ಯಾರಾದರೂ ಹೇಳ್ತೀರಾ?

ಮಾನ್ವಿ_ಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಾನು ಮಾನ್ವಿ ಕಡೆಯವಳು. ಪಿಯುಸಿವರೆಗೂ ಕನ್ನಡ ಮೀಡಿಯಂ, ಕಾಮರ್ಸ್. ಈ ವರ್ಷ ರಾಯಚೂರಿನಲ್ಲಿ ಬಿಸಿಎ ಸೇರಿದ್ದೇನೆ. ದಿನಾ ಬಸ್ಸಿನಲ್ಲಿ ಓಡಾಟ.

ಕ್ಲಾಸಿನಲ್ಲಿ ಬೈನರಿ, ಅಂದರೆ ಬರೀ 0 ಮತ್ತು 1ರಲ್ಲಿ ಸಂಖ್ಯೆ ಬರೆಯೋದು, ಶುರುವಾಗಿದೆ. ಸಂಖ್ಯೆಯನ್ನು 2ರಿಂದ ಭಾಗಿಸುತ್ತಾ ಹೋಗಿ, ಶೇಷವನ್ನು ಪಕ್ಕಕ್ಕೆ ಬರೆಯಿರಿ, ಕೊನೆಗೆ ಕೆಳಗಿನಿಂದ ಮೇಲಕ್ಕೆ ಓದಿ ಅಂದರು. ಟೆಸ್ಟಿನಲ್ಲಿ 29 ಕೊಟ್ಟಿದ್ದರು. ಹೀಗೆ ಮಾಡಿದೆ:

29 ÷ 2 = 14, ಶೇಷ 1
14 ÷ 2 = 7, ಶೇಷ 0
7 ÷ 2 = 3, ಶೇಷ 1
3 ÷ 2 = 1, ಶೇಷ 1
1 ÷ 2 = 0, ಶೇಷ 1

ಗಡಿಬಿಡಿಯಲ್ಲಿ ಮೇಲಿನಿಂದ ಕೆಳಕ್ಕೆ ಓದಿ 10111 ಅಂತ ಬರೆದೆ. ಭಾಗಾಕಾರ ಎಲ್ಲಾ ಸರಿ ಇದ್ದರೂ ಅಂಕ ಸೊನ್ನೆ. ಸರಿಯಾದ ಉತ್ತರ 11101 ಅಂತೆ. ಯಾಕೆ ಕೆಳಗಿನಿಂದಲೇ ಓದಬೇಕು ಅಂತ ಕೇಳಿದ್ದಕ್ಕೆ "ರೂಲ್ ಅದು, ಬಾಯಿಪಾಠ ಮಾಡು" ಅಂದರು. ಇಡೀ ಕ್ಲಾಸು ನಕ್ಕಿತು.

ಇನ್ನೊಂದು ಡೌಟು. 1 + 1 = 10 ಅಂತಾರೆ. ಹತ್ತು ಹೇಗಾಗುತ್ತೆ? ಬಯ್ಯಬೇಡಿ, ನಿಜವಾಗಲೂ ಗೊತ್ತಿಲ್ಲ.

ಬಳ್ಳಾರಿ_ಬಿಸಿಲು:
ಬಾಯಿಪಾಠ ಮಾಡು ತಂಗಿ. ಪರೀಕ್ಷೆಗೆ ಅಷ್ಟು ಸಾಕು. ನಾನೂ ಹಾಗೇ ಪಾಸಾದೆ.

ಕೊಪ್ಪಳದ_ಅಕ್ಕ:
ಪಾಸಾಗಿ ಈಗ ಏನು ನೆನಪಿದೆ ಹೇಳಪ್ಪ?

ಬಳ್ಳಾರಿ_ಬಿಸಿಲು:
ಕೆಳಗಿನಿಂದ ಮೇಲಕ್ಕೆ ಅನ್ನೋದು ನೆನಪಿದೆಯಲ್ಲ!

ಸಿಂಧನೂರು_ಸೋನಾಮಸೂರಿ:
ಮೊದಲು ಎರಡನೇ ಡೌಟು ಮುಗಿಸೋಣ. ಅದು ಹತ್ತು ಅಲ್ಲ. "ಒಂದು ಸೊನ್ನೆ" ಅಂತ ಓದು. ಬೈನರಿಯಲ್ಲಿ ಬರೆದದ್ದನ್ನು ಹತ್ತು, ನೂರು, ಸಾವಿರ ಅಂತ ಓದಿದರೆ ತಲೆ ಕೆಡುತ್ತೆ. ನಮ್ಮ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಅಂತ ಸ್ಥಾನ ಇವೆ. ಅಲ್ಲಿ ಬಿಡಿ, ಎರಡು, ನಾಲ್ಕು, ಎಂಟು, ಹದಿನಾರು. ಹಾಗಾಗಿ 10 ಅಂದರೆ ಎರಡರ ಸ್ಥಾನದಲ್ಲಿ ಒಂದು, ಬಿಡಿಯಲ್ಲಿ ಏನೂ ಇಲ್ಲ. ಅಂದರೆ ಎರಡೇ. ಒಂದು ಮತ್ತು ಒಂದು ಎರಡು. ಇದರಲ್ಲಿ ಮಾಟ ಮಂತ್ರ ಏನಿಲ್ಲ.

ಮಾನ್ವಿ_ಮಲ್ಲಿಗೆ:
ಅಯ್ಯೋ, ಇಷ್ಟೇನಾ? ಇದನ್ನು ಹೀಗೆ ಹೇಳಿದ್ದರೆ ಸಾಕಿತ್ತು. ಸರಿ, ಕೆಳಗಿನಿಂದ ಮೇಲಕ್ಕೆ?

ಕೌಲ್‌ಬಜಾರ್_ಜೀನ್ಸ್:
ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ನನ್ನ ಮಗನಿಗೆ ಹೇಳಿಕೊಟ್ಟ ಹಾಗೆ ಹೇಳ್ತೀನಿ, ನೋಡು ತಂಗಿ.

ನಿನ್ನ ಮುಂದೆ 29 ಪ್ಯಾಂಟ್ ಇವೆ ಅಂದುಕೋ. ಮೊದಲು ಎರಡೆರಡು ಜೋಡಿ ಕಟ್ಟು. 14 ಜೋಡಿ ಆಯಿತು, ಒಂದು ಪ್ಯಾಂಟ್ ಉಳಿಯಿತು. ಅದನ್ನು ಬದಿಗಿಡು. ಈಗ ಎರಡೆರಡು ಜೋಡಿ ಸೇರಿಸಿ ನಾಲ್ಕರ ಕಟ್ಟು ಮಾಡು. 7 ಕಟ್ಟು ಆಯಿತು, ಜೋಡಿ ಯಾವುದೂ ಉಳಿಯಲಿಲ್ಲ. ನಾಲ್ಕರ ಕಟ್ಟುಗಳನ್ನು ಎರಡೆರಡು ಸೇರಿಸಿದರೆ ಎಂಟರ ಕಟ್ಟು 3, ನಾಲ್ಕರ ಕಟ್ಟು ಒಂದು ಉಳಿಯಿತು. ಎಂಟರದ್ದು ಎರಡು ಸೇರಿಸಿದರೆ ಹದಿನಾರರ ಕಟ್ಟು 1, ಎಂಟರದ್ದು ಒಂದು ಉಳಿಯಿತು. ಹದಿನಾರರದ್ದಕ್ಕೆ ಜೊತೆ ಇಲ್ಲ, ಅದೂ ಉಳಿಯಿತು.

ಈಗ ಬದಿಗಿಟ್ಟದ್ದನ್ನು ನೋಡು. ಮೊದಲು ಉಳಿದದ್ದು ಬಿಡಿ ಪ್ಯಾಂಟ್, ಎಲ್ಲಕ್ಕಿಂತ ಚಿಕ್ಕದು. ಕೊನೆಗೆ ಉಳಿದದ್ದು ಹದಿನಾರರ ಕಟ್ಟು, ಎಲ್ಲಕ್ಕಿಂತ ದೊಡ್ಡದು. ನಾವು ಸಂಖ್ಯೆ ಬರೆಯುವಾಗ ದೊಡ್ಡದನ್ನು ಮೊದಲು ಬರೀತೀವಿ ಅಲ್ವಾ? ಅದಕ್ಕೇ ಕೊನೆಯದರಿಂದ ಓದೋದು. ಹದಿನಾರು ಒಂದು, ಎಂಟು ಒಂದು, ನಾಲ್ಕು ಒಂದು, ಜೋಡಿ ಸೊನ್ನೆ, ಬಿಡಿ ಒಂದು. 11101.

ಕೊಪ್ಪಳದ_ಅಕ್ಕ:
ಬಾಯಿಪಾಠ ಮಾಡು ಅಂದವರು ಇದನ್ನು ಓದಬೇಕು.

ಬಳ್ಳಾರಿ_ಬಿಸಿಲು:
ನನಗೇ ಹೇಳಿದ್ದು ಅಂತ ಗೊತ್ತಾಯಿತು ಅಕ್ಕ. ಆದರೆ ಜೀನ್ಸ್ ಅಣ್ಣ, ಬಳ್ಳಾರಿಯಲ್ಲಿ ಹದಿನಾರರ ಕಟ್ಟು ಎಲ್ಲಿ ಕಟ್ಟುತ್ತಾರೆ? ಡಜನ್ ಲೆಕ್ಕ ಅಲ್ವಾ?

ಕೌಲ್‌ಬಜಾರ್_ಜೀನ್ಸ್:
ನಿಜವಾಗಿ ಹೀಗೆ ಕಟ್ಟಿದರೆ ನಮ್ಮ ಮಾಲೀಕರು ನನ್ನನ್ನೇ ಕಟ್ಟಿ ಹೊರಗೆ ಹಾಕುತ್ತಾರೆ. ಇದು ಲೆಕ್ಕಕ್ಕೆ ಮಾತ್ರ.

ಯಲಬುರ್ಗಾ_ಕೋಡರ್:
ಇನ್ನೂ ಚಿಕ್ಕ ಪುರಾವೆ. 427 ಅನ್ನು 10ರಿಂದ ಭಾಗಿಸುತ್ತಾ ಹೋಗು. ಶೇಷ ಮೊದಲು 7, ಆಮೇಲೆ 2, ಆಮೇಲೆ 4. ಮೇಲಿನಿಂದ ಓದಿದರೆ 724. ಕೆಳಗಿನಿಂದ ಓದಿದರೆ ನಿನ್ನ 427 ವಾಪಸ್.

ಮಾನ್ವಿ_ಮಲ್ಲಿಗೆ:
ಓಹೋ!! ಮೊದಲ ಶೇಷ ಯಾವಾಗಲೂ ಬಿಡಿ ಸ್ಥಾನ. ಹಾಗಾದರೆ ನಾನು ಬರೆದ 10111 ಎಷ್ಟು? 16 + 4 + 2 + 1 = 23. ಅಂದರೆ 29 ಕೇಳಿದರೆ 23 ಬರೆದು ಬಂದಿದ್ದೇನೆ. ಸೊನ್ನೆ ಕೊಟ್ಟದ್ದು ಸರಿಯೇ ಬಿಡಿ.

ಸಿಂಧನೂರು_ಸೋನಾಮಸೂರಿ:
ಭಾಗಿಸೋದೇ ಬೇಡ ಅಂತೀನಿ. 1, 2, 4, 8, 16, 32, 64 ಇವನ್ನು ತೂಕದ ಬಟ್ಟು ಅಂದುಕೊಳ್ಳಿ. 29ರಲ್ಲಿ 16 ಹೋಗುತ್ತೆ, 13 ಉಳಿಯಿತು. 8 ಹೋಗುತ್ತೆ, 5 ಉಳಿಯಿತು. 4 ಹೋಗುತ್ತೆ, 1 ಉಳಿಯಿತು. 2 ಹೋಗಲ್ಲ, 1 ಹೋಗುತ್ತೆ. ಎಡದಿಂದ ಬಲಕ್ಕೆ ನೇರವಾಗಿ 11101. ಮೇಲೆ ಕೆಳಗೆ ಜಗಳವೇ ಇಲ್ಲ. ಈ ಲೆಕ್ಕದಲ್ಲಿ 100 ಅಂದರೆ 1100010, ಎರಡೇ ಸೆಕೆಂಡು.

ಯಲಬುರ್ಗಾ_ಕೋಡರ್:
ಎರಡು ಸೆಕೆಂಡಿನಲ್ಲಿ ತಪ್ಪು ಉತ್ತರ. 1100010 ಅಂದರೆ 64 + 32 + 2, ಅಂದರೆ 98. ನೂರು ಅಂದರೆ 1100100.

ಸಿಂಧನೂರು_ಸೋನಾಮಸೂರಿ:
ಹೌದಲ್ಲ. 4 ಇಡೋ ಕಡೆ 2 ಇಟ್ಟೆ. ಮಿಲ್ಲಿನಲ್ಲಿ ಈ ತಪ್ಪು ಮಾಡಿದ್ದರೆ ಗಿರಾಕಿ ಬಿಡ್ತಿದ್ದನಾ?

ಕೊಪ್ಪಳದ_ಅಕ್ಕ:
ಬಟ್ಟಿನ ದಾರಿ ಸಣ್ಣ ಸಂಖ್ಯೆಗೆ ಚೆಂದ. ದೊಡ್ಡದಕ್ಕೆ ಭಾಗಾಕಾರವೇ ವಾಸಿ. ಬೆಸ ಇದ್ದರೆ 1, ಸಮ ಇದ್ದರೆ 0 ಬರೆದು ಅರ್ಧ ಮಾಡು, ಅಷ್ಟೇ. ತಲೆ ಓಡಿಸೋ ಕೆಲಸವೇ ಇಲ್ಲ. ಕಂಪ್ಯೂಟರಿಗೂ ತಲೆ ಇಲ್ಲದ ದಾರಿಯೇ ಇಷ್ಟ.

ಬಂದ ಉತ್ತರ ಸರಿನಾ ಅಂತ ನೋಡೋಕೆ ಒಂದು ಉಪಾಯ ಇದೆ ಮಲ್ಲಿಗೆ. 11101 ಅನ್ನು ಎಡದಿಂದ ಓದುತ್ತಾ ಹೋಗು. ಪ್ರತಿ ಸಲ ಕೈಲಿರೋದನ್ನು ಎರಡರಷ್ಟು ಮಾಡಿ ಮುಂದಿನ ಅಂಕಿ ಕೂಡಿಸು. 1. ಆಮೇಲೆ 3. ಆಮೇಲೆ 7. ಆಮೇಲೆ 14. ಆಮೇಲೆ 29. ನಿನ್ನ ಭಾಗಾಕಾರದ ಪಟ್ಟಿಯನ್ನು ಕೆಳಗಿನಿಂದ ನೋಡು, ಅವೇ ಸಂಖ್ಯೆ! ಇಳಿದು ಬಂದ ಮೆಟ್ಟಿಲನ್ನೇ ಹತ್ತಿ ಹೋಗ್ತಾ ಇದ್ದೀಯ.

ಮುನಿರಾಬಾದ್_ನೀರು:
ನಮ್ಮ ತುಂಗಭದ್ರಾ ಡ್ಯಾಮಿಗೆ 33 ಗೇಟು. ಪ್ರತಿ ಗೇಟು ತೆರೆದರೆ 1, ಮುಚ್ಚಿದರೆ 0. ಒಂದು 0 ಅಥವಾ 1ರ ಜಾಗಕ್ಕೆ ಬಿಟ್ ಅಂತಾರೆ, ಅಂದರೆ ಅದು 33 ಬಿಟ್ಟಿನ ಕಂಪ್ಯೂಟರ್. ಎಷ್ಟು ರೀತಿ ತೆರೆಯಬಹುದು ಗೊತ್ತಾ? 8,58,99,34,592. ಭೂಮಿ ಮೇಲಿರೋ ಜನಕ್ಕಿಂತ ಜಾಸ್ತಿ.

ಹೊಸಪೇಟೆ_ಬಾಳೆ:
"ನಮ್ಮ" ಅಂದರೆ? ಡ್ಯಾಮ್ ನೋಡೋಕೆ ಜನ ಬರೋದು ಹೊಸಪೇಟೆಗೆ.

ಮುನಿರಾಬಾದ್_ನೀರು:
ಅದರ ಇನ್ನೊಂದು ಕಾಲು ಮುನಿರಾಬಾದಿನಲ್ಲಿದೆ, ಅದು ಕೊಪ್ಪಳ ಜಿಲ್ಲೆ. ನೀವು ಈಗ ಬಳ್ಳಾರಿಯೂ ಅಲ್ಲ, ವಿಜಯನಗರ ಜಿಲ್ಲೆ. ಇಲ್ಲಿ ನಿಮಗೇನು ಕೆಲಸ?

ಯಲಬುರ್ಗಾ_ಕೋಡರ್:
ಗೇಟನ್ನು ಪೂರ್ತಿ ತೆರೆಯೋದು ಇಲ್ಲವೇ ಪೂರ್ತಿ ಮುಚ್ಚೋದು ಅಂತ ಇಲ್ಲವಲ್ಲ. ಒಂದು ಅಡಿ, ಎರಡು ಅಡಿ ಎತ್ತಿ ನೀರು ಬಿಡ್ತಾರೆ. ಹಾಗಾಗಿ ಅದು ಬೈನರಿ ಅಲ್ಲ.

ಮುನಿರಾಬಾದ್_ನೀರು:
2024ರ ಆಗಸ್ಟ್‌ನಲ್ಲಿ ಚೈನು ತುಂಡಾಗಿ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಮಾತ್ರ ಪೂರ್ತಿ 1. ಅವತ್ತು ನಮ್ಮ ಎದೆಬಡಿತ ಕೇಳಬೇಕಿತ್ತು ನೀವು. ಬೆಳೆಗೆ ನೀರು ಉಳಿಯುತ್ತೋ ಇಲ್ಲವೋ ಅಂತ ಒಂದು ವಾರ ನಿದ್ದೆ ಇಲ್ಲ.

ಮಾನ್ವಿ_ಮಲ್ಲಿಗೆ:
ನಮ್ಮ ಹೊಲಕ್ಕೂ ಅದೇ ಎಡದಂಡೆ ಕಾಲುವೆ ನೀರು. ಆ ವಾರ ನಮ್ಮಪ್ಪ ಟಿವಿ ಮುಂದಿನಿಂದ ಎದ್ದಿರಲಿಲ್ಲ. 19 ಅಂದರೆ 10011. ಈಗ ನೋಡದೇ ಬರೆದೆ!

ಆದರೆ ಕೂಡೋದು ಇನ್ನೂ ಕಷ್ಟ. 1011 + 110 ಕೊಟ್ಟಿದ್ದಾರೆ. ಕೈಲಿರೋ ಒಂದು ಬಂದ ತಕ್ಷಣ ಎಡವುತ್ತೇನೆ.

ನಾಲ್ಕಾಣೆ_ಅಜ್ಜ:
ಮಗಳೇ, ನನಗೆ ಎಂಬತ್ತು ದಾಟಿದೆ. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ. ಕಂಪ್ಯೂಟರ್ ನನಗೆ ಗೊತ್ತಿಲ್ಲ. ಆದರೆ ಈ ಲೆಕ್ಕ ಓದುತ್ತಿದ್ದರೆ ನನಗೆ ನಮ್ಮ ಕಾಲದ ದುಡ್ಡು ನೆನಪಾಯಿತು.

ಆಗ ರೂಪಾಯಿಗೆ ಹದಿನಾರು ಆಣೆ. ನಯಾ ಪೈಸೆ ಬಂದದ್ದು 1957ರಲ್ಲಿ. ಅದಕ್ಕೂ ಮೊದಲು ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ ಅಂತ ಬಿಲ್ಲೆಗಳು. ಪ್ರತಿ ಬಿಲ್ಲೆ ಹಿಂದಿನದರ ಎರಡರಷ್ಟು. ನಮ್ಮಪ್ಪನ ಕಿರಾಣಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮೇಲೆ ಕೂತು ನಾನು ಕಲಿತದ್ದು ಇದೇ.

ಹನ್ನೊಂದು ಆಣೆ ಕೊಡಬೇಕು ಅನ್ನು. ಎಂಟಾಣೆ ಒಂದು, ನಾಲ್ಕಾಣೆ ಇಲ್ಲ, ಎರಡಾಣೆ ಒಂದು, ಒಂದಾಣೆ ಒಂದು. ನಿನ್ನ 1011 ಅದೇ ಅಲ್ಲವೇ? ಆರಾಣೆ ಅಂದರೆ ನಾಲ್ಕಾಣೆ ಒಂದು, ಎರಡಾಣೆ ಒಂದು. ಅದು 110.

ಎರಡನ್ನೂ ಸೇರಿಸು. ಒಂದಾಣೆ ಒಂದೇ ಇದೆ, ಇರಲಿ. ಎರಡಾಣೆ ಎರಡು ಆದವು. ಅವನ್ನು ಕೊಟ್ಟು ಒಂದು ನಾಲ್ಕಾಣೆ ತಗೋ. ಎರಡಾಣೆ ಜಾಗ ಖಾಲಿ. ಈಗ ನಾಲ್ಕಾಣೆ ಎರಡು. ಕೊಟ್ಟು ಎಂಟಾಣೆ ತಗೋ. ಎಂಟಾಣೆ ಎರಡು. ಕೊಟ್ಟು ರೂಪಾಯಿ ತಗೋ. ಕೈಲಿ ಉಳಿದದ್ದು ಒಂದು ರೂಪಾಯಿ ಒಂದಾಣೆ. ಬರಿ: 1 0 0 0 1.

ಕೈಲಿ ಒಂದು ಅಂದರೆ ಚಿಲ್ಲರೆ ಬದಲಾಯಿಸೋದು, ಬೇರೆ ಏನೂ ಅಲ್ಲ.

ಮಾನ್ವಿ_ಮಲ್ಲಿಗೆ:
ಅಜ್ಜಾರೇ!!! ಹನ್ನೊಂದು ಮತ್ತು ಆರು ಹದಿನೇಳು. 10001 ಅಂದರೆ 16 + 1 = 17. ಸರಿಯಾಯಿತು! ಮೂರು ಒಂದು ಬಂದರೆ? 111 + 11?

ನಾಲ್ಕಾಣೆ_ಅಜ್ಜ:
ಏಳಾಣೆ ಮತ್ತು ಮೂರಾಣೆ. ಒಂದಾಣೆ ಎರಡು, ಕೊಟ್ಟು ಎರಡಾಣೆ ತಗೋ. ಈಗ ಎರಡಾಣೆ ಮೂರು. ಎರಡನ್ನು ಕೊಟ್ಟು ನಾಲ್ಕಾಣೆ ತಗೋ, ಒಂದು ಅಲ್ಲೇ ಇರಲಿ. ನಾಲ್ಕಾಣೆ ಎರಡು, ಕೊಟ್ಟು ಎಂಟಾಣೆ. ಎಂಟಾಣೆ ಒಂದು, ಎರಡಾಣೆ ಒಂದು. ಹತ್ತಾಣೆ. 1010.

ಕೊಪ್ಪಳದ_ಅಕ್ಕ:
ಅಜ್ಜ, ನಿಮ್ಮ ಮೊಮ್ಮಗನಿಗೆ ಒಂದು ಪ್ಲೇಟ್ ಮಿರ್ಚಿ ಕೊಡಿಸಿ, ಇಷ್ಟು ಟೈಪ್ ಮಾಡಿದ್ದಕ್ಕೆ.

ನಾಲ್ಕಾಣೆ_ಅಜ್ಜ:
ಮೊಮ್ಮಗ ಬರೀತಿರೋದು: ಒಗ್ಗರಣೆನೂ ಬೇಕು. ಬರೀ ಮಿರ್ಚಿ ಸಾಕಾಗಲ್ಲ.

ಬಳ್ಳಾರಿ_ಬಿಸಿಲು:
ಮಿರ್ಚಿ ಅಂದರೆ ಬಳ್ಳಾರಿ. ಇದರಲ್ಲಿ ಚರ್ಚೆ ಬೇಡ.

ರಾಯಚೂರು_ಕೋಟೆ:
ಚರ್ಚೆ ಬೇಕು. ರಾಯಚೂರಿನ ಮಿರ್ಚಿ ತಿಂದು ಆಮೇಲೆ ಮಾತಾಡಿ. ಬಿಸಿಲಿನಲ್ಲೂ ನಾವೇ ಮುಂದೆ.

ಶಕ್ತಿನಗರ_ವೈರ್‌ಮನ್:
ಮಿರ್ಚಿ ಆಮೇಲೆ. ಕಂಪ್ಯೂಟರ್ ಒಳಗೆ ಅಜ್ಜನ ಚಿಲ್ಲರೆ ಯಾರು ಬದಲಾಯಿಸುತ್ತಾರೆ ಅಂತ ಕೇಳಿದಿರಾ?

ನಾನು ಮನೆ ವೈರಿಂಗ್ ಮಾಡುವವನು. ಮಹಡಿ ಮೆಟ್ಟಿಲಿನ ಲೈಟಿಗೆ ಕೆಳಗೊಂದು, ಮೇಲೊಂದು ಟೂ ವೇ ಸ್ವಿಚ್ ಹಾಕ್ತೀವಿ. ಎರಡೂ ಕೆಳಗಿದ್ದರೆ ಲೈಟ್ ಇಲ್ಲ. ಯಾವುದಾದರೂ ಒಂದನ್ನು ಒತ್ತಿದರೆ ಲೈಟ್ ಬರುತ್ತೆ. ಇನ್ನೊಂದನ್ನೂ ಒತ್ತಿದರೆ ಆರುತ್ತೆ. ಈಗ ಅಂಕಿ ಹಾಕಿ ನೋಡಿ. 0 + 0 = 0. 1 + 0 = 1. 0 + 1 = 1. 1 + 1 = 0. ನಿಮ್ಮ ಮನೆ ಮೆಟ್ಟಿಲು ದಿನಾ ಬೈನರಿ ಕೂಡುತ್ತಿದೆ! ಕೈಲಿರೋ ಒಂದಕ್ಕೆ ಇನ್ನೊಂದು ಬಲ್ಬ್ ಬೇಕು. ಎರಡು ಮಾಮೂಲಿ ಸ್ವಿಚ್ಚನ್ನು ಒಂದರ ಹಿಂದೆ ಒಂದು ಹಾಕಿದರೆ ಎರಡೂ ಒತ್ತಿದಾಗ ಮಾತ್ರ ಅದು ಉರಿಯುತ್ತೆ. ಮೂರನೇ 1 ಬಂದರೂ ತೊಂದರೆ ಇಲ್ಲ, ಮೂರಂತಸ್ತಿನ ಮನೆಗೆ ನಡುವೆ ಇಂಟರ್‌ಮೀಡಿಯೇಟ್ ಸ್ವಿಚ್ ಹಾಕಲ್ವಾ, ಮೊತ್ತದ ಬಲ್ಬಿಗೆ ಹಾಗೆ.

ಯಲಬುರ್ಗಾ_ಕೋಡರ್:
ಸೂಪರ್ ಅಣ್ಣ. ಮೊದಲನೆಯದು ಎಕ್ಸ್‌ಆರ್, ಎರಡನೆಯದು ಆ್ಯಂಡ್. ಎರಡೂ ಸೇರಿದರೆ ಎರಡು ಅಂಕಿ ಕೂಡುವ ಸರ್ಕ್ಯೂಟ್, ಹೆಸರು ಹಾಫ್ ಆ್ಯಡರ್. ಮಲ್ಲಿಗೆ, ಇದು ನಿಮಗೆ ಮುಂದೆ ಬರುತ್ತೆ. 1937ರಲ್ಲಿ ಕ್ಲಾಡ್ ಶಾನನ್ ಅಮೆರಿಕದ ಎಂಐಟಿಯಲ್ಲಿ ತನ್ನ ಮಾಸ್ಟರ್ಸ್ ಪ್ರಬಂಧದಲ್ಲಿ ತೋರಿಸಿದ್ದೂ ಇದನ್ನೇ, ಕರೆಂಟಿನಿಂದಲೇ ಒತ್ತಿಕೊಳ್ಳುವ ರಿಲೇ ಸ್ವಿಚ್‌ಗಳಿಂದ ತರ್ಕ ಮಾಡಬಹುದು, ಕೂಡಲೂಬಹುದು ಅಂತ. ಆಗ ಅವನಿಗೆ ಬರೀ 21 ವರ್ಷ.

ರಾಯಚೂರು_ಕೋಟೆ:
ಒಂದು ತಕರಾರು. ಟೂ ವೇ ಸ್ವಿಚ್ಚಿಗೆ ಆನ್, ಆಫ್ ಅಂತ ಇರಲ್ಲ. ನಮ್ಮ ಮನೆಯಲ್ಲಿ ಎರಡೂ ಕೆಳಗಿದ್ದಾಗಲೇ ಲೈಟ್ ಉರಿಯುತ್ತೆ.

ಶಕ್ತಿನಗರ_ವೈರ್‌ಮನ್:
ವೈರ್ ಅದಲು ಬದಲು ಹಾಕಿದ್ದಾರೆ. ಒಂದು ಸ್ವಿಚ್ಚಿನ ಮೇಲೆ ಕೆಳಗನ್ನು ತಿರುಗಿಸಿ ಓದಿ, ಲೆಕ್ಕ ಅದೇ ಬರುತ್ತೆ. ನಿಮ್ಮ ಮನೆ ವೈರಿಂಗ್ ನಾನು ಮಾಡಿದ್ದಲ್ಲ.

ಮಾನ್ವಿ_ಮಲ್ಲಿಗೆ:
ಹಾಗಾದರೆ ಕರೆಂಟ್ ಇದ್ದರೆ 1, ಇಲ್ಲದಿದ್ದರೆ 0. ನೋಟ್ಸಿನಲ್ಲೂ ಹಾಗೇ ಇದೆ.

ಯಲಬುರ್ಗಾ_ಕೋಡರ್:
ಹೆಚ್ಚು ಕಡಿಮೆ ಸರಿ. ಚಿಪ್ಪಿನೊಳಗೆ ವೋಲ್ಟೇಜ್ ಜಾಸ್ತಿ ಇದ್ದರೆ 1, ಕಡಿಮೆ ಇದ್ದರೆ 0. ಟಿಟಿಎಲ್ ಅನ್ನೋ ಹಳೆಯ ಬಗೆಯ 5 ವೋಲ್ಟಿನ ಚಿಪ್ಪುಗಳಲ್ಲಿ 0.8 ವೋಲ್ಟಿನ ಒಳಗಿದ್ದರೆ 0 ಅಂತ ತಗೊಳ್ಳುತ್ತೆ, 2 ವೋಲ್ಟಿನ ಮೇಲಿದ್ದರೆ 1. ನಡುವೆ ಬಂದರೆ ಗ್ಯಾರಂಟಿ ಇಲ್ಲ. ಬೇಸಿಗೆಯಲ್ಲಿ ಫ್ಯಾನ್ ಅರ್ಧ ಸ್ಪೀಡಿನಲ್ಲಿ ತಿರುಗುತ್ತಲ್ಲ, ಹಾಗೆ ಸ್ವಲ್ಪ ಏರುಪೇರಾದರೂ 0 ಮತ್ತು 1 ಒಂದರಲ್ಲೊಂದು ಬೆರೆಯಲ್ಲ. ಹತ್ತು ಮಟ್ಟ ಇಟ್ಟಿದ್ದರೆ 6 ಯಾವುದು, 7 ಯಾವುದು ಅಂತ ಒದ್ದಾಡಬೇಕಿತ್ತು. ಎರಡೇ ಇಟ್ಟಿರೋದು ಅದಕ್ಕೆ.

ಕನ್ನಡ_ಮೇಷ್ಟ್ರು_ನಿವೃತ್ತ:
ಎಲ್ಲರೂ ಎಲ್ಲೆಲ್ಲೋ ಹೋಗಿ ಬಂದಿರಿ. ನಮ್ಮ ಛಂದಸ್ಸಿನಲ್ಲೇ ಇದೆಯಲ್ಲ ಇದು! ಲಘು, ಗುರು ಎರಡೇ. ಮೂರಕ್ಷರದ ಗಣ ಎಷ್ಟು? ಎಂಟು. ಯಮಾತಾರಾಜಭಾನಸಲಗಂ. ಎರಡು ಗುಣಿಲೆ ಎರಡು ಗುಣಿಲೆ ಎರಡು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಸ್ತಾರ ಹಾಕುವಾಗ ನಿದ್ದೆ ಮಾಡಿದವರೇ ಈಗ ಬೈನರಿ ಕಷ್ಟ ಅಂತಾರೆ. ಎರಡು ಸಾವಿರ ವರ್ಷದ ಹಿಂದೆಯೇ ಛಂದಶ್ಶಾಸ್ತ್ರ ಬರೆದ ಪಿಂಗಳ ಕಂಪ್ಯೂಟರ್ ಲೆಕ್ಕ ಕೊಟ್ಟಿದ್ದಾನೆ.

ಯಲಬುರ್ಗಾ_ಕೋಡರ್:
ಸರ್, ಅಷ್ಟು ದೂರ ಎಳೆಯಬೇಡಿ. ಪಿಂಗಳ ಮಾಡಿದ್ದು ಛಂದಸ್ಸಿನ ಮಾದರಿಗಳನ್ನು ಕ್ರಮವಾಗಿ ಪಟ್ಟಿ ಮಾಡುವ ವಿಧಾನ. ಅದು ದೊಡ್ಡ ಸಂಗತಿಯೇ. ಆದರೆ 0, 1 ಇಟ್ಟುಕೊಂಡು ಕೂಡುವುದು, ಗುಣಿಸುವುದನ್ನು ಜರ್ಮನಿಯ ಲೈಬ್ನಿಟ್ಸ್ 1703ರಲ್ಲಿ ಪ್ರಕಟಿಸಿದ. ಇಬ್ಬರಿಗೂ ಅವರವರ ಪಾಲು ಕೊಡೋಣ.

ಕನ್ನಡ_ಮೇಷ್ಟ್ರು_ನಿವೃತ್ತ:
ಪಾಲು ಕೊಡಿ, ಬೇಡ ಅನ್ನಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೆ ಪಿಂಗಳನಲ್ಲಿ ಒಂದು ತಮಾಷೆ ಇದೆ, ಅದನ್ನು ಕೇಳಿ. ಎಲ್ಲಾ ಗಣಗಳನ್ನು ಸಾಲು ಸಾಲಾಗಿ ಬರೆದ ಪಟ್ಟಿಗೂ ಪ್ರಸ್ತಾರ ಅಂತಲೇ ಹೆಸರು, ಅದರಲ್ಲಿ ಸಾಲಿನ ನಂಬರ್ ಗೊತ್ತಿದ್ದರೆ ಆ ಸಾಲಿನ ಗಣ ಹುಡುಕುವುದಕ್ಕೆ ನಷ್ಟ ಅಂತ ಹೆಸರು. ನಂಬರ್ ಸಮ ಇದ್ದರೆ ಲಘು ಬರೆದು ಅರ್ಧ ಮಾಡು. ಬೆಸ ಇದ್ದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಆರನೇ ಸಾಲು ನೋಡೋಣ. 6 ಸಮ, ಲಘು. 3 ಬೆಸ, ಗುರು, ಒಂದು ಕೂಡಿಸಿ ಅರ್ಧ ಮಾಡಿದರೆ 2. 2 ಸಮ, ಲಘು. ಲಘು ಗುರು ಲಘು, ಅಂದರೆ ಜಗಣ. ಪ್ರಸ್ತಾರದ ಕ್ರಮ ಮ, ಯ, ರ, ಸ, ತ, ಜ, ಭ, ನ. ಎಣಿಸಿ ನೋಡಿ, ಜಗಣ ಆರನೆಯದೇ.

ಅರ್ಧ ಮಾಡುತ್ತಾ ಹೋದರೂ ಕೆಳಗಿನಿಂದ ಓದಲಿಲ್ಲ ನೋಡಿ! ಬಂದ ಹಾಗೆ ಎಡದಿಂದ ಬಲಕ್ಕೆ ಬರೆದೆವು. ಯಾಕೆಂದರೆ ಪ್ರಸ್ತಾರದಲ್ಲಿ ಬೇಗ ಬೇಗ ಬದಲಾಗುವ ಜಾಗ, ಅಂದರೆ ನಿಮ್ಮ ಬಿಡಿ ಸ್ಥಾನ, ಎಡಕ್ಕಿದೆ.

ಕೊಪ್ಪಳದ_ಅಕ್ಕ:
ಅಂದರೆ ಮಲ್ಲಿಗೆ ಬರೆದ 10111 ಪಿಂಗಳನ ಕ್ಲಾಸಿನಲ್ಲಾಗಿದ್ದರೆ ಸರಿ!

ಯಲಬುರ್ಗಾ_ಕೋಡರ್:
ಇದು ನನಗೂ ಹೊಸದು ಸರ್. ಒಪ್ಪಿದೆ. ಇಂಟೆಲ್ ಪ್ರೊಸೆಸರ್‌ಗಳೂ ಮೆಮೊರಿಯಲ್ಲಿ ದೊಡ್ಡ ಸಂಖ್ಯೆಯನ್ನು ಇಡುವಾಗ ಅದನ್ನು ಎಂಟೆಂಟು ಬಿಟ್ಟಿನ ತುಂಡು, ಅಂದರೆ ಬೈಟ್, ಮಾಡಿ ಚಿಕ್ಕ ಸ್ಥಾನದ ಬೈಟನ್ನೇ ಮೊದಲು ಇಡುತ್ತವೆ. ಯಾವ ತುದಿ ಮೊದಲು ಅನ್ನೋದು ಬರೀ ಒಪ್ಪಂದ.

ರಾಯಚೂರು_ಕೋಟೆ:
ನಾನು ಉರ್ದು ಮೀಡಿಯಂ. ನಮ್ಮ ಅಕ್ಷರ ಬಲದಿಂದ ಎಡಕ್ಕೆ, ಆದರೆ 29 ಬರೆಯುವಾಗ 2 ಎಡಕ್ಕೇ ಇರುತ್ತೆ. ಅಂದರೆ ಬಲದಿಂದ ಓದುತ್ತಾ ಬಂದ ಕಣ್ಣಿಗೆ ಮೊದಲು ಸಿಗೋದು ಬಿಡಿ ಸ್ಥಾನ. ಇಷ್ಟು ವರ್ಷ ಇದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ.

ಬಳ್ಳಾರಿ_ಬಿಸಿಲು:
ಮಲ್ಲಿಗೆ, ಹಾಗಂತ ಪೇಪರಿನಲ್ಲಿ ಪಿಂಗಳ ಅಂತ ಬರೆದು ಬರಬೇಡ. ಮತ್ತೆ ಸೊನ್ನೆ ಕೊಡ್ತಾರೆ.

ಕೊಪ್ಪಳದ_ಅಕ್ಕ:
ಒಂದು ಹೋಮ್‌ವರ್ಕ್ ಕೊಡ್ತೀನಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ನಂಬರ್ ಕೊಡುವ ಯುನಿಕೋಡಿನಲ್ಲಿ ನಮ್ಮ "ಅ" ಅಕ್ಷರದ ನಂಬರ್ 3205. ಬೈನರಿಗೆ ತಾ ನೋಡೋಣ.

ಮಾನ್ವಿ_ಮಲ್ಲಿಗೆ:
ಬಸ್ಸಿನಲ್ಲಿ ಟಿಕೆಟ್ ಹಿಂದೆ ಮಾಡಿದೆ ಅಕ್ಕ. 3205, 1602, 801, 400, 200, 100, 50, 25, 12, 6, 3, 1. ಬೆಸ ಇದ್ದಲ್ಲೆಲ್ಲ 1. ಕೆಳಗಿನಿಂದ ಓದಿದರೆ 110010000101. ಆಮೇಲೆ ನೀವು ಹೇಳಿದ ಹಾಗೆ ಎರಡರಷ್ಟು ಮಾಡುತ್ತಾ ವಾಪಸ್ ಹತ್ತಿದೆ. 3205 ಬಂತು! ಪಕ್ಕದಲ್ಲಿ ಕೂತ ಆಂಟಿ ಮಟ್ಕಾ ನಂಬರ್ ಅಂದುಕೊಂಡು ಎದ್ದು ಬೇರೆ ಸೀಟಿಗೆ ಹೋದರು.

ಕೌಲ್‌ಬಜಾರ್_ಜೀನ್ಸ್:
ಹಹ್ಹಾ! ಮುಂದಿನ ಟೆಸ್ಟ್ ಯಾವಾಗ ತಂಗಿ?

ಮಾನ್ವಿ_ಮಲ್ಲಿಗೆ:
ಇದೇ ತಿಂಗಳು 10010ನೇ ತಾರೀಕು ಅಣ್ಣ.

ಬಳ್ಳಾರಿ_ಬಿಸಿಲು:
ಎರಡು, ಹದಿನಾರು... ಅಲ್ಲ, ಒಂದು, ಎಂಟು... 9ನೇ ತಾರೀಕಾ? ಅದು ಮೊನ್ನೆಯೇ ಮುಗಿದು ಹೋಯ್ತಲ್ಲ ತಂಗಿ!

ಮಾನ್ವಿ_ಮಲ್ಲಿಗೆ:
ಅಣ್ಣ, ದೊಡ್ಡದು ಎಡಕ್ಕೆ.